ಹಳ್ಳದ ಮರಳು ಮತ್ತು ಮಾಫಿಯಾ ಎಂಬ ಮಾತು

ನಮ್ಮ ತೋಟದ ಹಿಂದಿನ ಹಳ್ಳದಲ್ಲಿ ಮರಳು ತೆಗೆಯುತ್ತಿದ್ದವನು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನೇ. ಒಂದಿದ್ದ ಟ್ರ್ಯಾಕ್ಟರ್ ಐದಾದವು, ಜೊತೆಗೆ ಕೈಗೆ ಕಡಗ ಹಾಕಿದ ಏಳೆಂಟು ಜನ. ಬಾವಿ ಬತ್ತುತ್ತಿದೆ ಎಂದು ಅಪ್ಪ ಅರ್ಜಿ ಕೊಟ್ಟರು. ವಾರದೊಳಗೆ ಅವನ ಜನ ನಮ್ಮ ಹನ್ನೊಂದು ತೆಂಗಿನ ಮರಗಳ ಸುಳಿ ಕಡಿದು ಹಾಕಿದ್ದರು. ಸುಳಿ ಹೋದ ತೆಂಗು ಮತ್ತೆ ಚಿಗುರುವುದಿಲ್ಲ. ಅಪ್ಪ ಒಂದೊಂದು ಮರಕ್ಕೂ ಕೈಯಿಟ್ಟು ಬಂದು ಜಗಲಿಯಲ್ಲಿ ಕೂತರು.

"ಪೇಪರಲ್ಲಿ ಇವರನ್ನ ಮಾಫಿಯಾ ಅಂತಾರಲ್ಲ, ಹಂಗಂದ್ರೇನಮ್ಮ? ಏನ್ ಮಾಡಿದ್ರೂ ಮಾಫಿ ಸಿಗೋರು ಅಂತಲಾ?" ಎಂದು ಕೇಳಿದರು.

ನಾನು ಕನ್ನಡ ಮೇಡಂ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ತಿಪಟೂರಿನ ಲೈಬ್ರರಿಯಲ್ಲಿ ಹುಡುಕಿದೆ. ಅದು ಸಿಸಿಲಿ ಎಂಬ ದ್ವೀಪದ ಮಾತಂತೆ. ಅರಬ್ಬಿಯಿಂದ ಬಂದದ್ದು ಎಂದು ಕೆಲವರು; ಖಚಿತವಾಗಿ ಯಾರಿಗೂ ತಿಳಿಯದು. ಮೊದಮೊದಲು ಅದಕ್ಕೆ ಠೀವಿ, ಎದೆಗಾರಿಕೆ ಎಂಬ ಅರ್ಥವಿತ್ತಂತೆ. ಚೆಲುವಾದ ಹುಡುಗಿಯನ್ನೂ ಹಾಗೇ ಹೊಗಳುತ್ತಿದ್ದರಂತೆ. ಓದುತ್ತಾ ಮೈ ಉರಿಯಿತು. ಮುದುಕನ ಮರ ಕಡಿದವರಿಗೆ ಎಂಥಾ ಎದೆಗಾರಿಕೆ! ಆ ಎದೆಗಾರಿಕೆ ಇನ್ನು ನನ್ನ ಕಡೆ ಇರಲಿ ಅಂದುಕೊಂಡೆ.

ಕೊಬ್ಬರಿ ಅಟ್ಟದ ಕಿಂಡಿಯಿಂದ ಹಳ್ಳ ಚೆನ್ನಾಗಿ ಕಾಣುತ್ತಿತ್ತು. ಐದು ತಿಂಗಳು, ಸ್ಕೂಲಿಗೆ ಹೊರಡುವ ಮುಂಚೆ, ಬಂದ ಮೇಲೆ, ಕಾಯಿ ರಾಶಿಯ ಮೇಲೆ ಮೊಣಕಾಲೂರಿ ಫೋನಿನಲ್ಲಿ ಫೋಟೋ ತೆಗೆದೆ. ಗಾಡಿ ನಂಬರು, ಮುಖ, ಎಲ್ಲ. ದಾರಿಯಲ್ಲಿ ಅವನು ಸಿಕ್ಕರೆ ನಗುತ್ತಿದ್ದೆ. ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದೆ.

ಆಮೇಲೆ ಎಲ್ಲವನ್ನೂ ಮೇಲಧಿಕಾರಿಗಳಿಗೂ ಕೋರ್ಟಿಗೂ ಒಟ್ಟಿಗೇ ಮುಟ್ಟಿಸಿದೆ. ಟ್ರ್ಯಾಕ್ಟರುಗಳು ಜಪ್ತಿಯಾಗಿ ಬಿಸಿಲಲ್ಲಿ ತುಕ್ಕು ಹಿಡಿದವು. ಕಡಗದವರು ಅವನ ಮನೆ ಕಡೆ ಬರುವುದನ್ನೇ ಬಿಟ್ಟರು.

ಒಂದು ಭಾನುವಾರ ಅವನೊಬ್ಬನೇ ಬಂದು ಅಪ್ಪನ ಕಾಲಿಗೆ ಬಿದ್ದ. ನನ್ನ ಕಡೆ ತಿರುಗಿ, "ಜೊತೇಲಿ ಓದಿದೋರು ಕಣಮ್ಮ ನಾವು. ತಪ್ಪಾಗೋಯ್ತು, ಬುಟ್ಬುಡು," ಎಂದ.

ಅಪ್ಪ ನನ್ನ ಮುಖ ನೋಡಿದರು. ಅವರ ಮನಸ್ಸು ಆಗಲೇ ಕರಗಿತ್ತು.

"ಬಾ," ಎಂದು ಅವನನ್ನು ತೋಟಕ್ಕೆ ಕರೆದೊಯ್ದು ಬೋಳು ಮರಗಳ ಮುಂದೆ ನಿಲ್ಲಿಸಿದೆ. "ಇವನ್ನ ಕೇಳು. ಇವು ಹೂಂ ಅಂದ್ರೆ ನಾನೂ ಅಂತೀನಿ."

ಅವನು ಬೇಲಿ ದಾಟಿ ಹೋದ.

ಕೇಸು ಮುಗಿಯುವಷ್ಟರಲ್ಲಿ ದಂಡಕ್ಕೆ, ವಕೀಲರಿಗೆ ಅಂತ ಅವನ ಜಮೀನೂ ಹೋಯಿತು. ಈಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಳ್ಳುಗಾಡಿ ಇಟ್ಟು ಎಳನೀರು ಮಾರುತ್ತಾನೆ. ತುರುವೇಕೆರೆ ಬಸ್ಸಿಗೆ ಕಾಯುವಾಗ ನಾನು ನೆರಳಿಗೆ ಹೋಗುವುದಿಲ್ಲ, ಅವನೆದುರಿಗೇ ನಿಲ್ಲುತ್ತೇನೆ. ಅವನು ತಲೆಯೆತ್ತದೆ ಕಾಯಿ ಕೆತ್ತುತ್ತಾನೆ. ಅಷ್ಟು ಹಟ ಒಳ್ಳೇದಲ್ಲ ಎನ್ನುತ್ತಾರೆ ಅಪ್ಪ. ಇರಬಹುದು. ನನಗೆ ಹಿತವಾಗಿದೆ.