ಮಮ್ಮಿಗೊಂದು ಚೀಟಿ

ಗೆಳೆಯರೇ, ಇವತ್ತು ಮೆಹದಿಪಟ್ಟಣಂನ ನನ್ನ ಸ್ಪೀಚ್ ಥೆರಪಿ ಕ್ಲಿನಿಕ್ಕಿಗೆ ಬೀದರ್ ಕಡೆಯ ತಾಯಿಯೊಬ್ಬರು ಹೈಸ್ಕೂಲು ಓದುವ ಮಗಳ ಜೊತೆ ಸಿಟ್ಟಿನಿಂದಲೇ ಬಂದರು.

"ಓಡಿದ್ರ ಇಕಿಗೆ ಉಸಿರು ಕಟ್ತದಂತ್ರಿ. ಮಾತು ಕಲಿಸೋರ ಕಡೆ ಯಾಕ ಕಳಿಸ್ಯಾರ ಡಾಕ್ಟರು?"

ಶ್ವಾಸಕೋಶ ಚೆನ್ನಾಗಿದೆ, ಓಡುವಾಗ ಗಂಟಲಿನ ಧ್ವನಿತಂತುಗಳು ಬಿಗಿಯುತ್ತವೆ, ಅದಕ್ಕೇ ಆಸ್ತಮಾ ಎಂದು ಕೊಟ್ಟಿದ್ದ ಇನ್‌ಹೇಲರಿನಿಂದ ಗುಣವಾಗಲಿಲ್ಲ, ಅವನ್ನು ಸಡಿಲಿಸುವುದು ನಮ್ಮ ಕೆಲಸ ಎಂದೆ. ಹುಡುಗಿಯನ್ನು ಮೆಟ್ಟಿಲು ಹತ್ತಿಸಿ ಇಳಿಸಿದೆ. ಉಸಿರೆಳೆದಾಗಲೆಲ್ಲ ಸೀಟಿಯಂಥ ಸದ್ದು ಬರುತ್ತಿತ್ತು. ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುವುದನ್ನು ಹೇಳಿಕೊಟ್ಟೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ಹೊರಡುವಾಗ ಅವಳು ಕೇಳಿದಳು: "ಮೇಡಂ, ಇದು ನಾಟಕ ಅಲ್ಲಂತ ಬರ್ದು ಕೊಡ್ರಿ."

"ಪಿ.ಟಿ. ಸರ್‌ಗೇನಮ್ಮಾ?"

"ಅಲ್ರಿ, ಮಮ್ಮಿಗ."

ಬರೆದು, ಮೊಹರು ಒತ್ತಿ ಕೊಟ್ಟೆ. ತಾಯಿ ಅದನ್ನು ಎರಡು ಸಲ ಓದಿ, ಮಗಳ ಬೆನ್ನ ಮೇಲೆ ಕೈಯಿಟ್ಟರು. ಮಗಳನ್ನು ನಂಬಲು ನನ್ನ ಮೊಹರು ಬೇಕಾಯಿತು, ನೋಡಿ.