ಪಾತೇಲಿಯ ಕಂಠದಲ್ಲಿ ಉಳಿದ ನೀರು

ನಾವು ಚಿಕ್ಕವರಿದ್ದಾಗ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಸ್ಟೀಲ್ ಪಾತ್ರೆಗಳು ಬೀಗರು ಬಂದಾಗ ಮಾತ್ರ ಹೊರಬೀಳುತ್ತಿದ್ದವು. ಅಡುಗೆಯೆಲ್ಲ ತಾಮ್ರದಲ್ಲೇ. ಒಳಗೆ ಬಳಿದ ತವರದ ಲೇಪ, ಅಂದರೆ ಕಲಾಯಿ, ಸವೆದರೆ ಸಾರು ಕಿಲುಬಿನಿಂದ ಕಹಿಯಾಗುತ್ತಿತ್ತು. ಪ್ರತಿ ಬೇಸಿಗೆ ಬಿಸಿಲು ಏರುವ ಹೊತ್ತಿಗೆ ಹುಮನಾಬಾದಿನಿಂದ ಕಲಾಯಿ ಹಾಕುವ ಮೈಬೂಬಸಾಬ, ಅವನ ಹೆಂಡತಿ ಹುಸೇನಬಿ ಬಂದು ನಮ್ಮ ಅಂಗಳದ ಬೇವಿನ ಕೆಳಗೆ ಕುಣಿ ತೋಡಿ ತಿದಿ ಹೂಡುತ್ತಿದ್ದರು.

ಹುಸೇನಬಿ ಪಾತೇಲಿಗೆ, ಅಗಲ ಬಾಯಿಯ ಆ ಅಡುಗೆ ಪಾತ್ರೆಗೆ, ಮರಳು ಹಾಕಿ, ಅದರೊಳಗೆ ನಿಂತು, ಬೇವಿನ ಕೊಂಬೆ ಹಿಡಿದು ಸೊಂಟ ತಿರುವಿ ಕಾಲಿನಿಂದ ಉಜ್ಜುತ್ತಿದ್ದಳು. ತಾಮ್ರ ಹಸುಗೂಸಿನ ಅಂಗಾಲಿನ ಬಣ್ಣಕ್ಕೆ ಬರುತ್ತಿತ್ತು. ಮೈಬೂಬಸಾಬ ಅದನ್ನು ಕೆಂಡದ ಮೇಲೆ ಕಾಸಿ, ನವಸಾಗರದ ಪುಡಿ ಎರಚುತ್ತಿದ್ದ. ಮೂಗು ಸುಡುವ ಬಿಳಿ ಹೊಗೆ! ಆಮೇಲೆ ತವರದ ಕಡ್ಡಿ ತಾಕಿಸಿ, ಅರಳೆಯಿಂದ ಒಮ್ಮೆ ಬಳಿದನೆಂದರೆ ಒಳಗೆಲ್ಲ ಬೆಳ್ಳಿ ಹರಿದಂತೆ. ಅಂಥ ಕೈಯನ್ನು ನಾನು ಮತ್ತೆ ಕಂಡಿಲ್ಲ.

ಆ ವರ್ಷ ದೊಡ್ಡ ಪಾತೇಲಿ ಉಜ್ಜಿ ಆಗಿತ್ತು. ಮೈಬೂಬಸಾಬ ಇದ್ದಿಲು ತರಲು ಎದ್ದಿದ್ದ. "ಅಡಗಿ ಮಾಡೂ ಪಾತೇಲಿಗೆ ಕಾಲ ಹಚ್ಚತಾರ, ಏನಂತೀನಿ" ಎಂದು ಗೊಣಗುತ್ತ ನಮ್ಮ ಅಜ್ಜಿ ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಸೆರಗಿನಿಂದ ಒರೆಸಿಟ್ಟಳು. ಬಾಯಿಯ ಸುತ್ತ ಸುರುಳಿಯಾಗಿ ಮಡಚಿದ ಅಂಚಿನ, ಅಂದರೆ ಕಂಠದ, ಒಳಗೆ ನೀರು ಉಳಿದದ್ದು ಯಾರಿಗೂ ಕಾಣಲಿಲ್ಲ.

ಕಲಾಯಿ ಶುರುವಾದಾಗ ನನ್ನ ತಮ್ಮ ಶರಣು, ಇನ್ನೂ ಶಾಲೆಗೆ ಹೋಗದ ಪೋರ, ಕುಣಿಯಂಚಿಗೆ ಬಂದು ಬಗ್ಗಿದ.

"ಚಾಚಾ, ನನ್ನ ಮಾರಿ ಕಾಣ್ತದೇನ್ರಿ?"

"ಹಿಂದ ಸರಿಯೋ ರಾಜಾ, ತವರ ಕುಣ್ಯಾಕತ್ತದ. ಈಗ ನೋಡಿದ್ರ ಮಂಗ್ಯಾನ ಮಾರಿ ಕಾಣ್ತದ!"

ಹೇಳುತ್ತಲೇ ಅಂಚಿಗೆ ಬಳಿಯಲು ಪಾತೇಲಿ ಓರೆ ಮಾಡಿದ. ಚುಂಯ್ ಎಂದಿತು. ಕಂಠದ ನೀರು ಕರಗಿದ ತವರದತ್ತ ಇಳಿಯುತ್ತಿತ್ತು. ಪಾತೇಲಿಯ ಬಾಯಿ ಶರಣುವಿನ ಮುಖಕ್ಕೆ ನೇರವಾಗಿತ್ತು. ಇಕ್ಕಳ ಬಿಟ್ಟು ಮೈಬೂಬಸಾಬ ಹಿಂದಕ್ಕೆ ಜಿಗಿಯಬಹುದಿತ್ತು. ಅವನು ಮಣಿಕಟ್ಟು ತಿರುಚಿ ಆ ಬಾಯಿಯನ್ನು ತನ್ನತ್ತಲೇ ತಿರುಗಿಸಿಕೊಂಡ. ಢಪ್! ಬಿಳಿ ಹನಿಗಳೆಲ್ಲ ಅವನ ಮುಂಗೈಗೆ ಅಂಟಿದವು.

ಅಜ್ಜಿ ಅವನ ಕೈ ಎಳೆದು ನಮ್ಮ ಕುಡಿಯುವ ನೀರಿನ ಹರವಿಯೊಳಗೇ ಮುಳುಗಿಸಿದಳು. "ನಾನೇ ನೀರ ಹಾಕಿದ್ದೆಪ್ಪಾ, ನಾನೇ…"

"ಪಾತೇಲಿ ತೊಳದ್ರಿ, ಈಗ ನನಗೂ ತೊಳ್ಯಾಕತ್ತೀರಿ, ಅವ್ವಾ" ಎಂದು ಅವನು ಹಲ್ಲು ಕಚ್ಚಿಕೊಂಡೇ ನಕ್ಕ.

ಕಲಾಯಿ ಕೆಟ್ಟಿತ್ತು. ಪಾತೇಲಿ ಆರಿದ ಮೇಲೆ ಹುಸೇನಬಿ ಮರಳು ತಂದಳು. "ಮತ್ತ ಕಾಲ ಹಚ್ಚಬೇಕಾಗ್ತದ್ರಿ" ಎಂದಳು ಅನುಮಾನಿಸುತ್ತ. "ಹಚ್ಚವ್ವಾ. ನನ್ನ ಹೆಗಲ ಹಿಡಿ" ಎಂದು ಅಜ್ಜಿ ಅವಳ ಪಕ್ಕದಲ್ಲಿ ನಿಂತಳು.

ಕರಗಿದ ತವರಕ್ಕೆ ತಾಗಿದ ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆಂದು ಮುಂದೆ ಕಾಲೇಜಿನ ಭೌತಶಾಸ್ತ್ರದಲ್ಲಿ ಓದಿದೆ. ಹೆದರಿಕೆ ಹೋಗಲಿಲ್ಲ. ಇಂದಿಗೂ ಒಗ್ಗರಣೆ ಸಿಡಿದರೆ ಹತ್ತಿರವಿದ್ದ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಮೈಬೂಬಸಾಬನ ಆ ಮಣಿಕಟ್ಟು ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ತಿರುಗುತ್ತದೆ.

ಅಂದು ಉಳಿದ ಆ ಕಣ್ಣುಗಳಿಂದಲೇ ಶರಣು ಈಗ ತನ್ನ ಮೊಮ್ಮಗಳ ಓಲೆಯ ಸಣ್ಣ ತಿರುಪನ್ನು ತಾನೇ ಹಾಕುತ್ತಾನೆ. ವರ್ಷ ಕಳೆದಂತೆ ನಾವೆಲ್ಲ ಒಂದೊಂದಾಗಿ ಸ್ಟೀಲ್ ಪಾತ್ರೆ ಕೊಂಡೆವು, ಕಲಾಯಿಯ ಕೆಲಸ ಉಳಿಯಲಿಲ್ಲ. ಆ ಗಂಡಹೆಂಡಿರು ಯಾವ ಬೇಸಿಗೆಯಿಂದ ಬರಲಿಲ್ಲ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಗಮನಿಸಿರಲೇ ಇಲ್ಲ.