ಹುಂಜದ ಬಾಲದ ಹಂದಿ

ದೇವರು ಮಾಡಿದ ಪ್ರಾಣಿಗಳು ನನ್ನ ಗಂಡ ಲಿಗೋರಿಗೆ ಸಾಕಾಗುತ್ತಿರಲಿಲ್ಲ. ಎಮ್ಮೆಗೆ ಬಂಗುಡೆಯ ಬಾಲ, ಆಮೆಗೆ ನವಿಲಿನ ಗರಿ, ಬೆಕ್ಕಿಗೆ ಏಡಿಯ ಕಾಲು! ಕಟಪಾಡಿಯ ಒಂದು ಪ್ರೆಸ್ಸಿನಲ್ಲಿ ಬೀಡಿ ಕಟ್ಟಿನ ಲೇಬಲ್ಲಿಗೆ ಮರದ ಅಚ್ಚು ಕೆತ್ತುವುದು ಇವರ ಕೆಲಸ. ಮಿಕ್ಕಿದ ಮರದ ತುಂಡು, ಬಣ್ಣದ ಕಾಗದ ಎಲ್ಲ ಶಿರ್ವದ ನಮ್ಮ ಮನೆಗೆ ಬರುತ್ತಿತ್ತು. ಆದಿತ್ಯವಾರ ಇಗರ್ಜಿಯಿಂದ ಬಂದು ಬೇರೆ ಪೊರ್ಬುಗಳು, ಅಂದರೆ ನಮ್ಮ ಕ್ರಿಸ್ತರ ಗಂಡಸರು, ಕೋಳಿ ಕೊಯ್ದರೆ, ಇವರು ಜಗಲಿಯಲ್ಲಿ ಕುಳಿತು ಅರ್ಧ ಕೋಳಿ ಅರ್ಧ ಮೊಲ ಕೆತ್ತುತ್ತಿದ್ದರು. ಅದನ್ನು ಸಾರು ಮಾಡಲಿಕ್ಕಾಗುತ್ತದಾ, ನೀವೇ ಹೇಳಿ.

ಲೇಬಲ್ ಎಂದರೆ ಹರಿದು ಬಿಸಾಡುವ ವಸ್ತು. ತಾನು ಮಾಡಿದ ಒಂದು ಚಿತ್ರವಾದರೂ ಯಾರದಾದರೂ ಗೋಡೆಯ ಮೇಲೆ ಇರಬೇಕೆಂದು ಇವರಿಗೆ ಆಸೆ. ನಮ್ಮ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯ ಉಂಟು, ಅದರ ಪಕ್ಕ ಏಡಿಕಾಲಿನ ಬೆಕ್ಕು ಬೇಡ ಎಂದೆ. ಈಗಲೂ ಬೇಡವೆಂದೇ ಹೇಳುತ್ತೇನೆ. ಹಾಗಾಗಿ ಕ್ರಿಸ್ಮಸ್ಸಿಗೆ ನಾನು ನೆರೆಕರೆಗೆ ಕುಸ್ವಾರ್ ತಿಂಡಿಯ ತಟ್ಟೆ ಕಳಿಸುವಾಗ ಇವರು ಕಾಗದಕ್ಕೆ ಅಚ್ಚೊತ್ತಿದ ಚಿತ್ರವೊಂದನ್ನು ಮೇಲಿಡುತ್ತಿದ್ದರು. ಜನ ತಿಂಡಿ ತಿಂದು, ಚಿತ್ರದ ಕಾಗದದಿಂದ ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುತ್ತಿದ್ದರು. ಇವರು ಮನೆಮನೆಯ ಗೋಡೆ ನೋಡಿ, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದರು. ನನಗೂ ಕರುಳು ಚುರುಕ್ ಎನ್ನುತ್ತಿತ್ತು.

ಸಾವಿರದ ಒಂಬೈನೂರ ಐವತ್ತೆಂಟರ ಕ್ರಿಸ್ಮಸ್ಸಿಗೆ ಆಚೆಮನೆಯ ಗುಣವತಿಗೆ ಹೋದದ್ದು ಹಂದಿಯ ಮುಖ, ಹುಂಜದ ಬಾಲದ ಒಂದು ಪ್ರಾಣಿ. ಕೆಲವು ದಿನ ಬಿಟ್ಟು ಇವರು ಏದುಸಿರು ಬಿಡುತ್ತಾ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದರು. ಹೌದು ಮಾರಾಯ್ರೆ, ಚಿತ್ರ ಅವಳ ಚಾವಡಿಯ ಗೋಡೆಯಲ್ಲಿ! ಉಡುಪಿಗೆ ಹೋಗಿ ಗಾಜಿನ ಕಟ್ಟು ಹಾಕಿಸಿದ್ದಾಳೆ. ಇವರ ಕಣ್ಣಲ್ಲಿ ನೀರು. ಆದರೆ ನಾನು ನೋಡಿದ್ದು ಬೇರೆ. ಚಿತ್ರದ ಮೇಲೆ ಕೇಪಳ ಹೂ, ಕೆಳಗೆ ದೀಪ. ಹಂದಿಯ ಮುಖ ಕಂಡು ಅವಳು ಪಂಜುರ್ಲಿ ದೈವ ಎಂದುಕೊಂಡಿದ್ದಾಳೆ, ಬಾಯಿ ಮುಚ್ಚಿಕೊಂಡಿರಿ ಎಂದು ಇವರ ಕಿವಿಯಲ್ಲಿ ಹೇಳಿದೆ. ಇವರ ಮುಖದ ಬಣ್ಣವೇ ಇಳಿಯಿತು. ಹೇಳಿದರೆ ಚಿತ್ರ ಗೋಡೆಯಿಂದ ಕೆಳಗೆ ಬರುತ್ತದೆ, ಹೇಳದಿದ್ದರೆ ಮೋಸ.

ಅಷ್ಟರಲ್ಲಿ ಗುಣವತಿ ಒಳಗಿಂದ ಗಿಣ್ಣು ತಂದಳು. ಎಮ್ಮೆ ಹೆಣ್ಣು ಕರು ಹಾಕಿದೆ, ಎಲ್ಲ ದೈವದ ದಯೆ ಎಂದು ಗೋಡೆಗೆ ಕೈಮುಗಿದಳು. ಇವರು ಗಿಣ್ಣಿನ ತಟ್ಟೆ ಕೆಳಗಿಟ್ಟರು.

“ಗುಣವತಿಯಕ್ಕ, ಅದು ದೈವ ಅಲ್ಲ. ಮುಖ ನಮ್ಮ ಹಂದಿಯದ್ದು, ಬಾಲ ನಮ್ಮ ಹುಂಜದ್ದು. ಉಳಿದದ್ದು ನನ್ನ ಹುಚ್ಚು.”

ಅವಳು ಚಿತ್ರದ ಹತ್ತಿರ ಹೋದಳು. ಆಮೇಲೆ ಹೂ ತೆಗೆದಳು, ದೀಪ ಎತ್ತಿ ಒಳಗಿಟ್ಟು ಬಂದಳು. ಇವರು ಚಿತ್ರ ಇಳಿಸಲು ಕೈ ಎತ್ತಿದರು. ಅವಳು ಅಡ್ಡ ನಿಂತಳು.

“ಅದು ಅಲ್ಲೇ ಇರಲಿ ಪೊರ್ಬುಗಳೇ. ಆ ಬಾಲ ಕಂಡಾಗಲೆಲ್ಲ ನನಗೆ ನಗು ಬರ್ತದೆ. ದೈವದ ಎದುರು ನಗಬಾರದು ಅಂತ ಇಷ್ಟು ದಿನ ತಡೆದುಕೊಂಡಿದ್ದೆ.”